ಚಿಕ್ಕಪ್ಪನ ಕೈ ನಡುಗಿದ್ದೇಕೆ?

ನಮ್ಮ ಊರು ಜೂಜುವಾಡಿ. ಅತ್ತಿಬೆಲೆ ದಾಟಿದೊಡನೆ ತಮಿಳುನಾಡಿನ ಗಡಿಯಲ್ಲಿ ಸಿಗುತ್ತದೆ. ನಮ್ಮ ಮನೆತನದಲ್ಲಿ ಹೆಣ್ಣನ್ನು ಹೊರಗೆ ಕೊಡುವುದು ಕಡಿಮೆ. ಅಜ್ಜಿಯನ್ನು ಅವರ ಸೋದರಮಾವನಿಗೇ ಕೊಟ್ಟಿದ್ದರು.

ನಮ್ಮ ಚಿಕ್ಕಪ್ಪನವರಿಗೆ 32 ವರ್ಷವಾದಾಗ ಬಲಗೈ ನಡುಗತೊಡಗಿತು. ನಡಿಗೆ ನಿಧಾನವಾಯಿತು. ಕುಡಿತದ ಫಲವೆಂದು ಕೆಲವರು, ದೃಷ್ಟಿ ತಾಕಿದೆಯೆಂದು ಕೆಲವರು ಆಡಿಕೊಂಡರು. ಅವರು ಹೆಂಡ ಮುಟ್ಟಿದವರೇ ಅಲ್ಲ. ಬೆಂಗಳೂರಿನ ವೈದ್ಯರು ಇದು ಪಾರ್ಕಿನ್ಸನ್ ರೋಗವೆಂದರು. ಸಾಮಾನ್ಯವಾಗಿ ಇಳಿವಯಸ್ಸಿನಲ್ಲಿ ಬರುವ ರೋಗ ಇಷ್ಟು ಬೇಗ ಬಂದುದರಿಂದ ಜೀನ್ ಪರೀಕ್ಷೆ ಮಾಡಿಸಿದರು. ‘ಪಾರ್ಕಿನ್’ ಎಂಬ ಜೀನ್ ಕೆಟ್ಟಿತ್ತು.

ಈ ಜೀನಿನ ಕೆಲಸವೇನು? ನಮ್ಮ ಜೀವಕೋಶಗಳಲ್ಲಿ ಹೊಸ ಪ್ರೋಟೀನುಗಳು ತಯಾರಾಗುತ್ತಲೇ ಇರುತ್ತವೆ. ಹಳೆಯವು ಕೆಡುತ್ತಲೂ ಇರುತ್ತವೆ. ಕೆಟ್ಟುದನ್ನು ತೆಗೆಯದಿದ್ದರೆ ಕೋಶ ಬಾಳದು. ತೆಗೆಯಬೇಕಾದ ಪ್ರೋಟೀನಿಗೆ 76 ಅಮೈನೋ ಆಮ್ಲಗಳ ‘ಯುಬಿಕ್ವಿಟಿನ್’ ಎಂಬ ಪುಟ್ಟ ಪ್ರೋಟೀನು ಚೀಟಿಯಂತೆ ಅಂಟಿಕೊಳ್ಳುತ್ತದೆ. ಇಂಥ ಚೀಟಿಗಳ ಸರವಿರುವ ಪ್ರೋಟೀನನ್ನು ‘ಪ್ರೋಟಿಯಸೋಮ್’ ಒಳಗೆಳೆದು ತುಂಡರಿಸುತ್ತದೆ. ಈ ವ್ಯವಸ್ಥೆಯನ್ನು ಕಂಡುಹಿಡಿದ ಚಿಖನೋವರ್, ಹರ್ಷ್ಕೊ ಮತ್ತು ರೋಸ್ ಎಂಬ ವಿಜ್ಞಾನಿಗಳಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು.

ಚೀಟಿ ಅಂಟಿಸುವ ಪ್ರೋಟೀನುಗಳು ನೂರಾರು. ಪಾರ್ಕಿನ್ ಅವುಗಳಲ್ಲೊಂದು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಹಾಳಾದಾಗ ಅದಕ್ಕೆ ಚೀಟಿ ಹಚ್ಚಿ ವಿಲೇವಾರಿಗೆ ಗುರುತಿಸುವುದು ಇದರ ಒಂದು ಮುಖ್ಯ ಕೆಲಸ. ಜಪಾನಿನ ವಿಜ್ಞಾನಿಗಳು 1998ರಲ್ಲಿ ಈ ಜೀನನ್ನು ಗುರುತಿಸಿದರು. ಇದು ಕೆಟ್ಟವರಲ್ಲಿ ಡೋಪಮೀನ್ ತಯಾರಿಸುವ ಮಿದುಳಿನ ನರಕೋಶಗಳು ಸಾಯುತ್ತವೆ; ಕೈಕಾಲು ಹತೋಟಿ ತಪ್ಪುತ್ತವೆ.

ಈ ಜೀನು ನಮ್ಮಲ್ಲಿ ಎರಡು ಪ್ರತಿ ಇರುತ್ತದೆ: ತಾಯಿಯದೊಂದು, ತಂದೆಯದೊಂದು. ಒಂದು ಸರಿಯಿದ್ದರೆ ಸಾಮಾನ್ಯವಾಗಿ ಬಾಧೆಯಿಲ್ಲ. ಎರಡೂ ಕೆಟ್ಟರೆ ರೋಗ. ರಕ್ತಸಂಬಂಧಿಗಳಿಬ್ಬರಲ್ಲೂ ಒಂದೇ ಕೆಟ್ಟ ಪ್ರತಿ ಇರುವ ಸಂಭವ ಹೆಚ್ಚು. ಅಜ್ಜ ಅಜ್ಜಿ ಗಟ್ಟಿಮುಟ್ಟಾಗಿದ್ದೂ ಮಗನಿಗೆ ರೋಗ ಬಂದುದು ಹೀಗೆ.

ಆಗಲೇ ನಮ್ಮ ಅಕ್ಕನನ್ನು ಸೋದರತ್ತೆಯ ಮಗನಿಗೆ ಕೊಡುವ ಮಾತು ನಡೆದಿತ್ತು. ತಾಂಬೂಲವೊಂದು ಬಾಕಿ. ಚಿಕ್ಕಪ್ಪನವರು ಹಿರಿಯರ ಮುಂದೆ, “ಮೊದಲು ಇಬ್ಬರ ರಕ್ತಪರೀಕ್ಷೆಯಾಗಲಿ” ಎಂದರು. ಅತ್ತೆ ಮುನಿಸಿಕೊಂಡರು. ಪರೀಕ್ಷೆಯಲ್ಲಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಕಂಡಿತು. ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯವಿತ್ತು. ಸಂಬಂಧ ಅಲ್ಲಿಗೇ ನಿಂತಿತು. ಎರಡು ಯುಗಾದಿಗೆ ಅತ್ತೆ ತವರಿಗೆ ಬರಲಿಲ್ಲ. ಮೂರನೆಯ ಯುಗಾದಿಗೆ ತಾವೇ ಬಂದು ತಮ್ಮನ ಕೈಹಿಡಿದು ಅತ್ತರು.

ಚಿಕ್ಕಪ್ಪನವರು ಈಗ ಲೆವೊಡೋಪ ಮಾತ್ರೆಯಿಂದ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ನಮ್ಮ ನಸುಗುನ್ನಿ ಬೀಜದಲ್ಲೂ ಆ ವಸ್ತು ಉಂಟು. ಆದರೆ ಅಳತೆಯರಿಯದೆ ತಿನ್ನಬಾರದು. ಗೆಳೆಯರೇ, ಕೈ ನಡುಗುವವರನ್ನು ಕಂಡು ನಗದಿರೋಣ, ವೈದ್ಯರಲ್ಲಿಗೆ ಕರೆದೊಯ್ಯೋಣ. ಹಿರಿಯರೇ, ಸಂಬಂಧ ಬೆಳೆಸುವಾಗ ಜಾತಕದ ಜೊತೆಗೆ ಮನೆತನದ ಆರೋಗ್ಯವನ್ನೂ ವಿಚಾರಿಸಿರೆಂದು ನಮ್ಮ ಪ್ರಾರ್ಥನೆ.