ಕಾಕಾನ ಜೀಪಿನ ಜ್ವರ

ಹಳೇ ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಗೊತ್ತಿರುತ್ತೆ, ಅದರ ಮೀಟರುಗಳನ್ನು ಯಾರೂ ಪೂರ್ತಿ ನಂಬೋದಿಲ್ಲ. ಡೀಸೆಲ್ ಎಷ್ಟಿದೆ ಅಂತ ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ನೋಡ್ತಾರೆ. ಸ್ಪೀಡ್ ಮೀಟರಿನ ಕೇಬಲ್ಲು ಯಾವತ್ತೋ ಹರಿದುಹೋಗಿರುತ್ತೆ. ಆದರೆ ಟೆಂಪರೇಚರ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತು ಅಂದ್ರೆ ಮಾತ್ರ ಎಲ್ಲರ ಎದೆ ಧಸಕ್ ಅನ್ನುತ್ತೆ. ಆ ಮುಳ್ಳಿನ ಹಿಂದೆ ಎಂಜಿನ್ನಿನ ಹೆಡ್ ಇದೆ, ಹೆಡ್ಡಿನ ಹಿಂದೆ ಸಾಲ ಇದೆ :-)

ಹಾನಗಲ್ಲಿನ ನಮ್ಮ ಕಾಕಾನ ಜೀಪು ಅಂಥದ್ದು. ಬೇಸಿಗೆಯಲ್ಲಿ ಮಾವಿನಹಣ್ಣು, ಆಮೇಲೆ ಸವಣೂರಿನ ವೀಳ್ಯದೆಲೆ, ಸುಗ್ಗಿಯಲ್ಲಿ ಹಿರೇಕೆರೂರು ಕಡೆಯ ಗೋವಿನಜೋಳ. ಇಬ್ಬರು ಹೆಣ್ಣುಮಕ್ಕಳ ಓದು ಅದರ ಮೇಲೇ ನಡೆದಿದೆ. ಗಾಡಿಯ ಕಂಪನಿ ಹೆಸರು ಬೇಡ ಬಿಡಿ, ಇಷ್ಟು ವರ್ಷ ದುಡಿದ ಮೇಲೆ ತಪ್ಪು ಏನಿದ್ದರೂ ವಯಸ್ಸಿನದು. ನಮ್ಮ ಕಡೆ ಓಡಾಡಿದ ಎಷ್ಟೋ ಮಹೀಂದ್ರ ಜೀಪುಗಳಲ್ಲಿ ಫ್ರಾನ್ಸಿನ ಪೂಜೋ ವಿನ್ಯಾಸದ 2112 ಸಿಸಿ ಎಂಜಿನ್ ಇರ್ತಿತ್ತು. ಆ ತಲೆಮಾರಿನ ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್. ಟೆಂಪರೇಚರ್ ಸೆನ್ಸರ್ ಕೆಟ್ಟರೂ ಎಂಜಿನ್ನಿಗೆ ಸುದ್ದಿಯೇ ಮುಟ್ಟೋದಿಲ್ಲ. ಈಗಿನ ಸಿಆರ್‌ಡಿಐ ಗಾಡಿಗಳಲ್ಲಿ ಆ ಸೆನ್ಸರಿನ ಮಾತು ಕೇಳಿಯೇ ಕಂಪ್ಯೂಟರ್ ಡೀಸೆಲ್ ಅಳೆಯುತ್ತೆ. ಹಳೇದರಲ್ಲಿ ಅದರ ಕೆಲಸ ಮುಳ್ಳು ಎತ್ತೋದಷ್ಟೇ.

ಒಂದು ಏಪ್ರಿಲ್‌ನಲ್ಲಿ ಮಾವಿನಹಣ್ಣು ಹೇರಿಕೊಂಡು ಹುಬ್ಬಳ್ಳಿಗೆ ಹೊರಟಾಗ ಶಿಗ್ಗಾಂವಿ ಹತ್ತಿರ ಮುಳ್ಳು ಇದ್ದಕ್ಕಿದ್ದಂತೆ ಕೊನೆಗೆ ಹೋಗಿ ಕೂತಿತು. ಕಾಕಾ ನಿಲ್ಲಿಸಿ ನೋಡಿದರೆ ಹಬೆ ಇಲ್ಲ, ಸೋರಿಕೆ ಇಲ್ಲ. ದಾರಿಯ ಗ್ಯಾರೇಜೊಂದರಲ್ಲಿ ಬಾನೆಟ್ ಎತ್ತಿದವರು ಮುಳ್ಳು ನೋಡಿಯೇ ತೀರ್ಪು ಕೊಟ್ಟರು: "ಹೆಡ್ ಗ್ಯಾಸ್ಕೆಟ್ ಹೋಗೈತ್ರಿ, ಹೆಡ್ ಇಳಸಬೇಕು." 25 ಸಾವಿರ ಅಂದರಂತೆ. ನಾನು ರಜೆಗೆ ಊರಿಗೆ ಬಂದಿದ್ದೆ. ಕಾಕಾ ರಾತ್ರಿ ಊಟಕ್ಕೆ ಕೂತವನು, "ತಮ್ಮಾ, ನಿಮ್ಮ ಕಾಕೂನ ಬಳಿ ಬ್ಯಾಂಕಿಗಿ ಹೋಗೂದ ಕಾಣತೈತಿ" ಅಂದ. ಕಾಕೂ ಮಾತಾಡಲಿಲ್ಲ, ಬಳೆ ಮಾತ್ರ ಸದ್ದು ಮಾಡಿದವು.

ಬ್ಯಾಂಕಿಗೆ ಹೋಗೋ ಮೊದಲು ಸವಣೂರಿಗೆ ಹೋಗೋಣ ಅಂತಾಯಿತು. ಆ ದೊಡ್ಡಹುಣಸೆ ಮರಗಳ ಊರಿನಲ್ಲಿ ಕಾಕಾನಿಗೆ ಪರಿಚಯದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ವಯಸ್ಸಾದವರು. ಅವರು ಅವತ್ತು ಮುಟ್ಟಲೇ ಇಲ್ಲ. "ಗಾಡಿ ಇಲ್ಲೇ ಬಿಡ್ರಿ, ಮುಂಜಾನೆ ನೋಡೂಣು" ಅಂದರು. ಇದೇ ಅವರ ಜಾಣತನ. ಬಿಸಿ ಎಂಜಿನ್ನಿನಲ್ಲಿ ಮುಳ್ಳು ಮೇಲಿದ್ದರೆ ಅದು ನಿಜವೋ ಸುಳ್ಳೋ ಹೇಗೆ ಗೊತ್ತಾಗಬೇಕು?

ಬೆಳಿಗ್ಗೆ ಎಂಜಿನ್ ಕಲ್ಲಿನಷ್ಟು ತಣ್ಣಗಿತ್ತು. ಸ್ಟಾರ್ಟ್ ಮಾಡದೆ ಬರೀ ಚಾವಿ ಆನ್ ಮಾಡಿದರು. ಮುಳ್ಳು ನೆಟ್ಟಗೆ ಕೆಂಪಿಗೆ! ತಣ್ಣನೆಯ ಎಂಜಿನ್ನಿಗೆ ಎಲ್ಲಿಯ ಜ್ವರ? ಸೆನ್ಸರಿನ ತಲೆಯಿಂದ ವೈರ್ ಕಿತ್ತರು, ಮುಳ್ಳು ಕೆಳಗೆ ಬಂತು. ಅದೇ ವೈರನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಒಂದು ಕ್ಷಣ ಮುಟ್ಟಿಸಿದರು, ಮತ್ತೆ ಏರಿತು. ಅಂದರೆ ಮೀಟರ್ ಸರಿ, ವೈರ್ ಸರಿ, ಸೆನ್ಸರ್ ಒಳಗೇ ಶಾರ್ಟ್ ಆಗಿದೆ. ವೈರ್ ಕಿತ್ತ ಮೇಲೂ ಮುಳ್ಳು ಇಳಿಯದಿದ್ದರೆ ವೈರೇ ಎಲ್ಲೋ ಉಜ್ಜಿ ಬಾಡಿಗೆ ತಾಗಿರಬಹುದು. ಡೀಸೆಲ್ ಮುಳ್ಳು, ಬಿಸಿಯ ಮುಳ್ಳು ಎರಡೂ ಒಟ್ಟಿಗೇ ಹುಚ್ಚಾಟ ಆಡಿದರೆ ಸೆನ್ಸರ್ ಬಿಟ್ಟು ಮೀಟರಿನ ಹಿಂದಿನ ಅರ್ಥ್ ಮತ್ತು ಸ್ಟೆಬಿಲೈಜರ್ ನೋಡಬೇಕು ಅಂದರು.

ಖುಷಿಯಾದ ಕಾಕಾ, "ಹಂಗಾದ್ರ ವೈರ್ ಕಿತ್ತಾ ಇರ್ಲಿ ಬಿಡ್ರಿ, ಕಾಟಾನ ತಪ್ಪಿತು" ಅಂದುಬಿಟ್ಟ. ಮುದುಕರಿಗೆ ಸಿಟ್ಟೇ ಬಂತು. ಹಿರೇಕೆರೂರು ಕಡೆಯ ಗಿರಾಕಿಯೊಬ್ಬರ ಕಥೆ ಹೇಳಿದರು. ಗೋವಿನಜೋಳದ ಲೋಡಿನಲ್ಲಿ ಮುಳ್ಳು ಮೇಲೇರಿ, ಆಮೇಲೆ ತಾನೇ ಇಳಿಯಿತಂತೆ. ತಣ್ಣಗಾಯಿತು ಅಂತ ಅವರು ಓಡಿಸುತ್ತಲೇ ಹೋದರು. ನಿಜವಾಗಿ ಆದದ್ದೇನೆಂದರೆ ಹೋಸ್ ಪೈಪು ಒಡೆದು ನೀರೆಲ್ಲ ಖಾಲಿ. ಸೆನ್ಸರಿನ ತುದಿಗೆ ನೀರು ತಾಗಿದರೆ ತಾನೇ ಅದು ನೀರಿನ ಬಿಸಿ ಹೇಳೋದು? ಬರೀ ಗಾಳಿಯಲ್ಲಿ ನಿಂತ ಸೆನ್ಸರ್ ಎಲ್ಲಾ ಸುಖವಾಗಿದೆ ಅಂತ ಹೇಳಬಲ್ಲದು. ಕೆಲವೇ ಮೈಲಿಯಲ್ಲಿ ಎಂಜಿನ್ ಹಿಡಿದುಕೊಂಡಿತು, ಹೆಡ್ ಸೊಟ್ಟಗಾಗಿತ್ತು. ನನಗಂತೂ ಏರಿದ ಮುಳ್ಳಿಗಿಂತ ಈ ಇಳಿದ ಮುಳ್ಳೇ ಹೆಚ್ಚು ಭಯಾನಕ ಅನ್ನಿಸಿತು. ಕಾಕಾ ವೈರಿನ ಮಾತು ಮತ್ತೆ ಎತ್ತಲಿಲ್ಲ.

ಹೊಸ ಸೆನ್ಸರ್ ಹುಡುಕೋದು ಇನ್ನೊಂದು ಪುರಾಣ. ನೋಡೋಕೆ ಒಂದೇ ಥರ ಇರುವ ಎರಡು ಹಿತ್ತಾಳೆ ತುಣುಕುಗಳಿವೆ. ಒಂದು ಮುಳ್ಳಿನದು, ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ನಿಧಾನವಾಗಿ ಇಳಿಯುತ್ತೆ. ಇನ್ನೊಂದು ಕೆಂಪು ದೀಪದ್ದು, ಬರೀ ಸ್ವಿಚ್ಚು. ಅಂಗಡಿಯೊಂದರಲ್ಲಿ ಕಾಕಾನಿಗೆ ಕೊಟ್ಟಿದ್ದು ಯಾವುದು ಅಂತ ನನಗೆ ಅನುಮಾನ. ಹೀಗಾಗಿ ಕಾಕೂನ ಚಹಾ ಪಾತ್ರೆಯಲ್ಲಿ ನೀರಿಟ್ಟು, ತುದಿ ಮಾತ್ರ ಮುಳುಗಿಸಿ, ಮಲ್ಟಿಮೀಟರಿನ ಒಂದು ಕಡ್ಡಿ ತಲೆಗೆ, ಇನ್ನೊಂದು ಹಿತ್ತಾಳೆ ಮೈಗೆ ಹಿಡಿದೆ. ಅಂಗಡಿಯದು ನೀರು ಬಿಸಿಯಾದರೂ ಅಲ್ಲಾಡಲಿಲ್ಲ. ಸ್ವಿಚ್ಚೇ! ಬದಲಾಯಿಸಿ ತಂದದ್ದು ತಣ್ಣೀರಿನಲ್ಲಿ ನೂರಾರು ಓಮ್ ತೋರಿಸಿ, ಕುದಿಯುವ ಹೊತ್ತಿಗೆ ಹತ್ತಾರಕ್ಕೆ ಇಳಿಯಿತು. ಕೆಟ್ಟ ಹಳೇದು ಕುದಿಯಲಿ ಬಿಡಲಿ, ಸೊನ್ನೆಯ ಹತ್ತಿರವೇ ಕೂತಿತ್ತು.

ಹಾಕುವ ಕೆಲಸ ಅರ್ಧ ಗಂಟೆಯದು. ಎಂಜಿನ್ ಪೂರ್ತಿ ತಣಿದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೆದು, ಸ್ವಲ್ಪ ನೀರು ಇಳಿಸಿ, ಪಾನಾ ಹಾಕಿ ಬಿಚ್ಚಿದೆವು. ಕಾಕಾ ನಲ್ಲಿಗೆ ಸುತ್ತುವ ಬಿಳಿ ಟೇಪ್ ಹಿಡಿದು ನಿಂತಿದ್ದ. ಮುದುಕರು ಬೇಡ ಅಂದರು. ಒಂದೇ ವೈರಿನ ಈ ಸೆನ್ಸರಿಗೆ ಅರ್ಥ್ ಸಿಗೋದು ಅದರ ಮರೆಯಿಂದಲೇ, ಟೇಪ್ ಜಾಸ್ತಿ ಸುತ್ತಿದರೆ ಮುಳ್ಳು ಕಡಿಮೆ ತೋರಿಸುತ್ತೆ. ತಾಮ್ರದ ವಾಷರ್ ಹಾಕಿ ಬಿಗಿದರು. ನೀರು ತುಂಬಿ, ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿ, ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೋಗೋವರೆಗೂ ಕಾದೆವು.

ಹಾನಗಲ್ಲಿಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಕಾಕಾ ರಸ್ತೆಗಿಂತ ಮುಳ್ಳನ್ನೇ ಹೆಚ್ಚು ನೋಡುತ್ತಿದ್ದ, ಅದು ನಡುವಿನಲ್ಲಿ ಅಲ್ಲಾಡದೆ ನಿಂತಿತ್ತು. ಈಗಲೂ ಬೆಳಿಗ್ಗೆ ಮೊದಲು ರೇಡಿಯೇಟರ್ ನೀರು ನೋಡಿಯೇ ಚಾವಿ ತಿರುಗಿಸುತ್ತಾನಂತೆ. ಕಾಕೂ ಮಾತ್ರ ಆ ಪಾತ್ರೆಯಲ್ಲಿ ಚಹಾ ಮಾಡಲು ಒಪ್ಪಲಿಲ್ಲ. ಅದೀಗ ಜೀಪಿನಲ್ಲೇ ಇದೆ, ನೀರು ಹಾಕೋಕೆ.