ಓಡುವವರ ಮಂಡಿ

ದೂರ ಓಡುವವರಿಗೆ ಮಂಡಿ ನೋವು ಬಂತೆಂದರೆ ಊರಿಗೆ ಊರೇ ವೈದ್ಯರಾಗಿಬಿಡುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆ ತಿಕ್ಕು ಅನ್ನುತ್ತಾರೆ ಮನೆಯ ಹಿರಿಯರು. ಕಬ್ಬನ್ ಪಾರ್ಕಿನಲ್ಲಿ ಬೆಳಗ್ಗೆ ಸಿಗುವ ಓಟಗಾರರ ಮುಂದೆ ಬಾಯಿಬಿಟ್ಟರೆ ಶೂ ಬದಲಿಸು, ಟೇಪ್ ಹಚ್ಚು, ನೀ ಕ್ಯಾಪ್ ಹಾಕು ಎಂದು ಸಲಹೆಗಳ ಸುರಿಮಳೆ. ಎಲ್ಲವೂ ಪ್ರೀತಿಯ ಮಾತೇ. ಆದರೆ ಕೊನೆಗೆ ಯಾರಾದರೊಬ್ಬರು ನಿಟ್ಟುಸಿರುಬಿಟ್ಟು, "ಓಡೀ ಓಡೀ ಮಂಡಿ ಸವೆದಿದೆ, ಇನ್ನು ಸಾಕು ಮಾಡು" ಅಂದುಬಿಡುತ್ತಾರೆ. ಆ ಮಾತು ಕೇಳಿ ಓಟವನ್ನೇ ನಿಲ್ಲಿಸಿದವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಓಡಿದರೆ ಮಂಡಿ ಸವೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಹತ್ತಾರು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ 2017ರ ಒಂದು ಪರಿಶೀಲನೆಯಲ್ಲಿ, ಹವ್ಯಾಸಕ್ಕಾಗಿ ಓಡುವವರಲ್ಲಿ ನೂರಕ್ಕೆ ಮೂರೂವರೆ ಮಂದಿಗಷ್ಟೇ ಮಂಡಿ ಅಥವಾ ಸೊಂಟದ ಕೀಲು ಸವೆತ ಕಂಡಿತ್ತು. ಓಡದೆ ಕೂತವರಲ್ಲಿ ಅದು ಸುಮಾರು ಹತ್ತು. ಪದಕಕ್ಕಾಗಿ ಓಡುವ ವೃತ್ತಿಪರರಲ್ಲಿ ಹದಿಮೂರು ದಾಟಿತ್ತು, ಆ ಮಾತನ್ನೂ ಮುಚ್ಚಿಡಬಾರದು. ಕೀಲು ಕೆಲಸ ಮಾಡುವ ಬಗೆಯನ್ನೂ ನೋಡಿ: ಅದರೊಳಗಿನ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಸ್ಪಂಜಿನ ಹಾಗೆ ಅದುಮಿಸಿಕೊಂಡು, ಸಡಿಲವಾಗಿ, ಸುತ್ತಲಿನ ದ್ರವದಿಂದಲೇ ಅದು ಪೋಷಣೆ ಹೀರಿಕೊಳ್ಳಬೇಕು. ಮಂಡಿಗೆ ಕೆಲಸ ಕೊಡದಿದ್ದರೆ ಅದಕ್ಕೆ ಊಟವೂ ಸರಿಯಾಗಿ ಸಿಗುವುದಿಲ್ಲ.

ಹಾಗಾದರೆ ನೋಯುವುದೇಕೆ? ಬಹಳಷ್ಟು ಸಲ ಅವಸರದಿಂದ. ಬೆಂಗಳೂರಿನ ವರ್ಲ್ಡ್ 10ಕೆ ಓಟ 2008ರಲ್ಲಿ ಶುರುವಾದ ಮೇಲೆ ಈ ಊರಿನಲ್ಲಿ ಓಡುವವರ ಸಂಖ್ಯೆ ಬೆಳೆದಿದೆ. ಅದು ಸಂತೋಷದ ಸಂಗತಿ. ಹೆಸರು ಕೊಟ್ಟ ಉತ್ಸಾಹದಲ್ಲಿ ವಾರಕ್ಕೆ ಹತ್ತು ಕಿಲೋಮೀಟರ್ ಓಡುತ್ತಿದ್ದವರು ಒಮ್ಮೆಲೇ ಮೂವತ್ತಕ್ಕೆ ಏರುತ್ತಾರೆ. ಎದೆ, ಉಸಿರು ಬೇಗ ಒಗ್ಗಿಕೊಳ್ಳುತ್ತವೆ. ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಆ ನಡುವಿನ ಅಂತರದಲ್ಲೇ ನೋವು ಹುಟ್ಟುವುದು.

ನೋವಿಗೂ ಜಾಗ ಉಂಟು. ಚಿಪ್ಪಿನ ಸುತ್ತ, ಮಂಡಿಯ ಮುಂಭಾಗದಲ್ಲಿ ಬಂದರೆ ಅದು ಓಟಗಾರರು 'ರನ್ನರ್ಸ್ ನೀ' ಅನ್ನುವ ನೋವಿರಬಹುದು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ ಕಾಡುತ್ತದೆ. ಬಸ್ಸಿನಲ್ಲಿ ಮಂಡಿ ಮಡಚಿ ಮೂರು ತಾಸು ಕೂತು ಎದ್ದರೆ ಹೆಜ್ಜೆಯಿಡಲು ಬಿಡುವುದಿಲ್ಲ. ಮಂಡಿಯ ಹೊರಮಗ್ಗುಲಲ್ಲಿ, ಸರಿಯಾಗಿ ನಾಲ್ಕೋ ಐದೋ ಕಿಲೋಮೀಟರ್ ಆದ ಮೇಲೆ ಚುಚ್ಚತೊಡಗಿದರೆ ತೊಡೆಯ ಪಕ್ಕದಲ್ಲಿ ಇಳಿಯುವ ಐಟಿ ಬ್ಯಾಂಡಿನ ಕಡೆ ಅನುಮಾನ ಹೋಗಬೇಕು. ನಂದಿ ಬೆಟ್ಟದ ಇಳಿಜಾರಿನಲ್ಲಿ ಓಡಿಬಂದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ.

ಒಂದು ಪರೀಕ್ಷೆ ಮಾಡಿ ನೋಡಿ. ನಿಲುವುಗನ್ನಡಿಯ ಮುಂದೆ ಬರಿಗಾಲಲ್ಲಿ ಒಂಟಿ ಕಾಲ ಮೇಲೆ ನಿಂತು, ನಿಧಾನವಾಗಿ ಅರ್ಧ ಬಸ್ಕಿ ಹೊಡೆಯಿರಿ. ಮಂಡಿ ಹೆಬ್ಬೆರಳಿನಾಚೆ ಒಳಕ್ಕೆ ವಾಲುತ್ತಿದೆಯೇ? ಎದುರು ಬದಿಯ ಸೊಂಟ ಕೆಳಕ್ಕೆ ಜಗ್ಗುತ್ತಿದೆಯೇ? ಹಾಗಿದ್ದರೆ ಪೃಷ್ಠದ ಪಕ್ಕದ ಸ್ನಾಯುಗಳು ಸೋಲುತ್ತಿರುವುದು ಸಾಧ್ಯ. ಅವುಗಳ ಪಾಲಿನ ಭಾರವನ್ನು ಮಂಡಿ ಹೊರುತ್ತಿರುತ್ತದೆ. ಅಲ್ಲಿಗೆ ಎಣ್ಣೆ ತಿಕ್ಕಿದರೆ ಹಿತವಾದೀತು, ಬಲ ಬಾರದು. ಮೈಸೂರಿನ ಗರಡಿಮನೆಗಳ ಪೈಲ್ವಾನರು ಮಟ್ಟಿಯಲ್ಲಿ ನಿಂತು ದಿನಾ ಬಸ್ಕಿ ಹೊಡೆಯುತ್ತಿದ್ದರಲ್ಲ, ಕಾಲಿಗೆ ಕಸುವು ತುಂಬುವ ಆ ವಿದ್ಯೆ ನಮ್ಮ ಅಂಗಳದಲ್ಲೇ ಇತ್ತು. ಇವತ್ತು ಫಿಸಿಯೋಗಳು ಗೋಡೆಗೆ ಒರಗಿಸಿ ಕೂರಿಸುವುದು, ಕಾಲುಗಳಿಗೆ ರಬ್ಬರ್ ಪಟ್ಟಿ ಕಟ್ಟಿ ಅಡ್ಡ ನಡೆಸುವುದು ಎಲ್ಲ ಕಾಲಿಗೂ ಸೊಂಟಕ್ಕೂ ಬಲ ತುಂಬುವುದಕ್ಕೇ. ಜೊತೆಗೆ ಹೆಜ್ಜೆಯನ್ನು ಕೊಂಚ ಗಿಡ್ಡ ಮಾಡಿ, ನಿಮಿಷಕ್ಕೆ ಐದರಿಂದ ಹತ್ತು ಪರ್ಸೆಂಟ್ ಹೆಚ್ಚು ಹೆಜ್ಜೆ ಹಾಕಿದರೆ ಮಂಡಿಯ ಮೇಲೆ ಬೀಳುವ ಭಾರ ಇಳಿಯುತ್ತದೆ. ಕಾಸಿಲ್ಲದ ಔಷಧಿ ಇದು. ದುಬಾರಿ ಶೂಗಿಂತ ಮೊದಲು ಇದನ್ನೇ ಪ್ರಯತ್ನಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಂಡಿಯ ವಿಷಯ ಬಂದಾಗಲೆಲ್ಲ ನನಗೆ ಅಮೆರಿಕದ ಓಟಗಾರ್ತಿ ಜೋನ್ ಬೆನಾಯ್ಟ್ ನೆನಪಾಗುತ್ತಾರೆ. 1984ರ ವಸಂತದಲ್ಲಿ ಅವರ ಬಲ ಮಂಡಿ ಕೈಕೊಟ್ಟಿತು. ಏಪ್ರಿಲ್ ಕೊನೆಯಲ್ಲಿ ಶಸ್ತ್ರಚಿಕಿತ್ಸೆ. ಹದಿನೇಳೇ ದಿನಕ್ಕೆ ಒಲಿಂಪಿಕ್ ತಂಡದ ಆಯ್ಕೆಯ ಮ್ಯಾರಥಾನ್. ಓಡಿದರು, ಗೆದ್ದರು. ಆಗಸ್ಟ್ 5ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದದ್ದು ಒಲಿಂಪಿಕ್ಸ್ ಇತಿಹಾಸದ ಮೊದಲ ಮಹಿಳಾ ಮ್ಯಾರಥಾನ್. ಮೂರು ಮೈಲಿ ಆಗುವಷ್ಟರಲ್ಲೇ ಗುಂಪು ಬಿಟ್ಟು ಮುಂದೆ ಹೋದ ಬೆನಾಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಒಬ್ಬರೇ ಸ್ಟೇಡಿಯಂ ಹೊಕ್ಕು ಚಿನ್ನ ಗೆದ್ದರು. ಹದಿನೇಳು ದಿನದ ಸಾಹಸ ನಮಗೆ ನಿಮಗೆ ಮಾದರಿಯಲ್ಲ. ನೊಂದ ಮಂಡಿ ಮತ್ತೆ ಓಡಬಲ್ಲದು ಎಂಬುದಕ್ಕೆ ಮಾತ್ರ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಮಂಡಿ ಊದಿಕೊಂಡಿದ್ದರೆ, ನಡುವೆ ಸಿಕ್ಕಿಹಾಕಿಕೊಂಡು ಚಾಚಲಾಗದಿದ್ದರೆ, ಭಾರ ಹಾಕಿದಾಗ ಜಾರಿದಂತಾದರೆ ತಡಮಾಡದೆ ಮೂಳೆ ತಜ್ಞರಿಗೆ ತೋರಿಸಿ. ಅಂಥದ್ದೇನೂ ಇಲ್ಲವಾದರೆ ದೂರ ತಗ್ಗಿಸಿ, ಇಳಿಜಾರು ಬಿಡಿ, ವಾರಕ್ಕೆರಡು ದಿನ ಕಾಲಿಗೆ ಬಲ ತುಂಬಿಕೊಳ್ಳಿ. ಮರುದಿನ ನೋವು ಹೆಚ್ಚದಿದ್ದರೆ ಮಾತ್ರ ದೂರ ಬೆಳೆಸಿ. ಒಂದೇ ಒಂದು ವಿನಂತಿ: ನೋವಿನ ಮಾತ್ರೆ ನುಂಗಿ ಮಾತ್ರ ಓಟಕ್ಕೆ ಇಳಿಯಬೇಡಿ. ಬಿಸಿಲಲ್ಲಿ ಬೆವರು ಸುರಿಸುತ್ತ ದೂರ ಓಡುವಾಗ ಆ ಮಾತ್ರೆಯ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ.