ಊರ ಸುದ್ದಿಗೆ ಆಧಾರ ಎಲ್ಲಿದೆ?

ಸಂಬಳವಿಲ್ಲದೆ, ಹೆಸರೂ ಬಾರದೆ ಕನ್ನಡ ವಿಕಿಪೀಡಿಯಾಕ್ಕೆ ಬರೆಯುವ ಜನ ನಮ್ಮ ರಾಜ್ಯದಲ್ಲಿದ್ದಾರೆ. ಮೇಷ್ಟ್ರುಗಳು, ಬ್ಯಾಂಕ್ ನೌಕರರು, ಕಾಲೇಜು ಹುಡುಗಿಯರು, ರಿಟೈರಾದ ಎಂಜಿನಿಯರ್‌ಗಳು. ಅವರ ಎರಡು ದಿನದ ಸಮಾವೇಶವನ್ನು ಕಳೆದ ಚಳಿಗಾಲದಲ್ಲಿ ಹೊಸಪೇಟೆಯಲ್ಲಿ ಮಾಡೋಣ ಎಂದಾಗ ಊರೊಳಗೆ ಓಡಾಡುವ ಜನ ಬೇಕಾಯಿತು. ನಮ್ಮನ್ನು ಹುಡುಕಿಕೊಂಡು ಬಂದರು. ನಾವು ಅಂದರೆ ವಿಜಯನಗರ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಪತ್ರಿಕೆಗಳಿಗೆ ಸುದ್ದಿ ಕಳಿಸುವ ನಾಲ್ವರು. ಯಾವ ಹಾಲ್ ಕಡಿಮೆ ಬಾಡಿಗೆಗೆ ಸಿಗುತ್ತದೆ, ಯಾವ ಖಾನಾವಳಿಯ ರೊಟ್ಟಿ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ ಎಂಬುದು ನಮಗೆ ಬಾಯಿಪಾಠ.

ವಿಕಿಪೀಡಿಯಾ ಗೊತ್ತಿಲ್ಲದವರಿಗೆ ಒಂದು ಮಾತು. ಫೋನಿನಲ್ಲಿ ನಿಮ್ಮ ಊರಿನ ಹೆಸರು ಹಾಕಿ ಹುಡುಕಿದಾಗ ಮೇಲೆ ಬರುವ ನಾಲ್ಕು ಸಾಲು ಬಹಳ ಸಲ ಅಲ್ಲಿಂದ ಬಂದಿರುತ್ತವೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಇಂಗ್ಲಿಷಿನದು 2001ರಲ್ಲಿ ಶುರುವಾಯಿತು, ಕನ್ನಡದ್ದು 2003ರಲ್ಲಿ, ತುಳುವಿನದು 2016ರಲ್ಲಿ. ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಕನ್ನಡದಲ್ಲಿ 30,000 ದಾಟಿವೆ. ಉಳಿದದ್ದನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ಹಾಲ್, ಊಟ, ವಸತಿ ಸುಲಭವಾಗಿಯೇ ಆಯಿತು. ಕಷ್ಟವಾಗಿದ್ದು ಬಸ್ ಚಾರ್ಜಿನ ವಿಷಯ. ಬರುವವರು ಮೊದಲು ತಮ್ಮ ದುಡ್ಡಿನಲ್ಲಿ ಬರಬೇಕು, ಬಿಲ್ ಕೊಟ್ಟ ಮೇಲೆ ಹಣ ಖಾತೆಗೆ ಬರುತ್ತದೆ ಎಂಬುದು ಅವರ ಪದ್ಧತಿ. ಸಂಬಳದವರಿಗೆ ಅದು ಸರಿ. ಕೊಟ್ಟೂರು ಕಡೆಯ ಹಳ್ಳಿಯ ಡಿಗ್ರಿ ಹುಡುಗನಿಗೆ ಐನೂರು ರೂಪಾಯಿ ಒಂದು ತಿಂಗಳು ಸಿಕ್ಕಿಹಾಕಿಕೊಂಡರೆ ಅವನು ಬರುವುದೇ ಇಲ್ಲ. ಬರುವುದಿಲ್ಲ ಅಂತ ಹೇಳುವುದೂ ಇಲ್ಲ, ಫೋನ್ ಎತ್ತುವುದಿಲ್ಲ ಅಷ್ಟೇ. ನಾವು ಈ ವಿಷಯದಲ್ಲಿ ಹಟ ಹಿಡಿದೆವು. ಬಾಗಿಲಲ್ಲಿ ಹೆಸರು ಬರೆಸುವಾಗಲೇ ಕವರಿನಲ್ಲಿ ನಗದು ಕೊಡಬೇಕು, ಇಲ್ಲದಿದ್ದರೆ ನಮ್ಮನ್ನು ಬಿಟ್ಟುಬಿಡಿ ಎಂದೆವು. ಎರಡು ಮೂರು ಮೀಟಿಂಗ್ ಆದ ಮೇಲೆ ಒಪ್ಪಿದರು. ಹೆಣ್ಣುಮಕ್ಕಳ ವಿಷಯದಲ್ಲಿ ಶಕ್ತಿ ಯೋಜನೆ ನಮ್ಮ ಕೈ ಹಿಡಿಯಿತು. ಆಧಾರ್ ಕಾರ್ಡ್ ತೋರಿಸಿ ಕೆಂಪು ಬಸ್ಸಿನಲ್ಲಿ ಬಂದವರೇ ಹೆಚ್ಚು. ಸಮಾವೇಶದಲ್ಲಿ ಅರ್ಧದಷ್ಟು ಕುರ್ಚಿಗಳಲ್ಲಿ ಮಹಿಳೆಯರು ಕೂತಿದ್ದನ್ನು ಕಂಡು ಬೆಂಗಳೂರಿನವರೊಬ್ಬರು ನಮ್ಮನ್ನು ಹೊಗಳಿದರು. ಹೊಗಳಿಕೆ ಬಸ್ಸಿಗೆ ಸೇರಬೇಕು ಅಂತ ನಾವೂ ಹೇಳಲಿಲ್ಲ.

ಮೊದಲ ದಿನ ಬೆಳಿಗ್ಗೆ ಜಿಲ್ಲೆಯ ಹೆಸರು ತಿದ್ದುವ ಕೆಲಸ. ಬಳ್ಳಾರಿಯಿಂದ ವಿಜಯನಗರ ಬೇರೆ ಜಿಲ್ಲೆಯಾಗಿದ್ದು 2021ರಲ್ಲಿ. ಆದರೆ ನಾವು ತೆರೆದು ನೋಡಿದ ಎಷ್ಟೋ ಹಳ್ಳಿಗಳ ಪುಟಗಳಲ್ಲಿ ಹಳೇ ಹೆಸರೇ ಕೂತಿತ್ತು. ಹರಪನಹಳ್ಳಿಯದಂತೂ ಕೇಳಬೇಡಿ. ಮೊದಲು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಲ್ಲಿಂದ ಬಂದಿದ್ದ ಹಿರಿಯರೊಬ್ಬರು, "ನಾವು ಮನಿ ಬಿಟ್ಟು ಎಲ್ಲೂ ಹೋಗಿಲ್ರಿ, ಜಿಲ್ಲಾನೇ ಬಂದು ಬಂದು ಹೊಕ್ಕಾವ" ಎಂದರು. ಹಾಲೆಲ್ಲ ನಗು. ನಗುವ ವಿಷಯ ಮಾತ್ರ ಅಲ್ಲ. 2018ರಲ್ಲಿ ಬಳ್ಳಾರಿಗೆ ಮರಳಿದ್ದರಿಂದಲೇ ಆ ತಾಲ್ಲೂಕಿಗೆ 371 ಜೆ ಸೌಲಭ್ಯ ಸಿಕ್ಕಿದ್ದು. ಅದಕ್ಕಾಗಿ ಜನ ಬೀದಿಯಲ್ಲಿ ಕೂತಿದ್ದನ್ನು ನಾವೇ ವರದಿ ಮಾಡಿದ್ದೇವೆ. ವಿಕಿಪೀಡಿಯಾ ನೋಡಿ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ, ನಿಜ. ಆದರೂ ಹೋರಾಡಿ ಪಡೆದ ಜಿಲ್ಲೆಯ ಹೆಸರು ಫೋನಿನಲ್ಲಿ ತಪ್ಪು ಬಂದರೆ ಸಿಟ್ಟು ಬರುತ್ತದೆ.

ಮಧ್ಯಾಹ್ನ ವಗ್ಗರಣಿ, ಮಿರ್ಚಿ ಆದ ಮೇಲೆ ನಡೆದದ್ದನ್ನು ಹೇಳಲೇಬೇಕು. ಹಡಗಲಿ ಕಡೆಯ ಪ್ರೈಮರಿ ಶಾಲೆಯ ಮೇಡಂ ಒಬ್ಬರು ತಮ್ಮ ಊರಿನ ಪುಟ ಬರೆಯುತ್ತಿದ್ದರು. ಆ ಊರಿನಲ್ಲಿ ಬಯಲಾಟ ಕಲಿಸುತ್ತಿದ್ದ ಹಿರಿಯರೊಬ್ಬರು ಇದ್ದರಂತೆ, ಈಗ ತೀರಿಕೊಂಡಿದ್ದಾರೆ. ಸುತ್ತಲಿನ ಹಳ್ಳಿಗಳವರೂ ಅವರ ಹತ್ತಿರ ಕಲಿತವರೇ. ಮೇಡಂ ಅದನ್ನೆಲ್ಲ ಚೆನ್ನಾಗಿ ಬರೆದರು. ಪಕ್ಕದಲ್ಲಿ ಕೂತಿದ್ದ ಅನುಭವಿ ಸದಸ್ಯರು ನೋಡಿ, "ಇದಕ್ಕೆ ಆಧಾರ ಏನು ಮೇಡಂ?" ಎಂದು ಕೇಳಿದರು. ಪುಸ್ತಕದಲ್ಲಿ ಬಂದಿದೆಯೇ, ಪತ್ರಿಕೆಯಲ್ಲಿ ಬಂದಿದೆಯೇ ಎಂಬುದು ಅದರ ಅರ್ಥ. ಮೇಡಂ ಮುಖ ಸಣ್ಣದಾಯಿತು. "ನಮ್ಮಪ್ಪ ಅವರ ಹತ್ರಾನೇ ಕಲ್ತಿದ್ದು ಸರ್. ಅದು ಸುಳ್ಳೇನ್ರಿ?" ಎಂದರು.

ಸುಳ್ಳಲ್ಲ. ಆದರೆ ನಿಯಮವನ್ನೂ ಸುಮ್ಮನೆ ಮಾಡಿಲ್ಲ. ಆಧಾರ ಕೇಳದಿದ್ದರೆ ನಾಳೆ ಯಾವನೋ ಬಂದು ತನ್ನ ಮುತ್ತಜ್ಜನನ್ನು ಪಾಳೇಗಾರ ಮಾಡಿಬಿಡುತ್ತಾನೆ. ಊರಿಗೊಂದು ಕಟ್ಟುಕಥೆ ಕೇಳಿ ಕೇಳಿ ನಮಗೂ ಇದು ಗೊತ್ತು. ಜನರ ಮಾತನ್ನೇ ದಾಖಲಿಸಿ ಆಧಾರ ಮಾಡಿಕೊಳ್ಳಬಹುದೇ ಎಂಬ ಪ್ರಯತ್ನ ಹಿಂದೆ ಭಾರತದಲ್ಲೂ ದಕ್ಷಿಣ ಆಫ್ರಿಕಾದಲ್ಲೂ ನಡೆದಿದೆ. 2011ರಲ್ಲಿ ಅಚಲ್ ಪ್ರಭಲಾ ಅವರು ಅದರ ಮೇಲೆ 'ಪೀಪಲ್ ಆರ್ ನಾಲೆಜ್' ಎಂಬ ಸಾಕ್ಷ್ಯಚಿತ್ರವನ್ನೇ ಮಾಡಿದರು. ಆದರೂ ಇವತ್ತಿಗೂ ನಡೆಯುವುದು ಅಚ್ಚಾದ ಮಾತೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ದೇಶದ ಟಿವಿ ವ್ಯಾನ್‌ಗಳೆಲ್ಲ ನಮ್ಮೂರಿಗೆ ಬಂದವು. ಆ ಘಟನೆಗೆ ಆಧಾರ ಬೇಕಾದಷ್ಟಿದೆ. ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಮರಿಯಮ್ಮನಹಳ್ಳಿ ಎಲ್ಲರಿಗೂ ಗೊತ್ತಾಯಿತು. ಪ್ರಶಸ್ತಿ ಬಾರದೆ ಸತ್ತ ಬಯಲಾಟದ ಮೇಷ್ಟ್ರ ಮನೆಗೆ ಯಾವ ವ್ಯಾನ್ ಬರುತ್ತದೆ?

ಅಲ್ಲಿಗೆ ಬಂದಿದ್ದವರು ನಮ್ಮಂಥವರು ಮಾತ್ರ. ನಮ್ಮಲ್ಲೊಬ್ಬರಿಗೆ ಆ ಹಿರಿಯರ ನೆನಪು ಬಂತು. ಏಳೆಂಟು ವರ್ಷದ ಹಿಂದೆ ಅವರ ಬಗ್ಗೆ ಜಿಲ್ಲಾ ಪುಟಕ್ಕೆ ಸಣ್ಣ ಸುದ್ದಿ ಬರೆದಿದ್ದರು, ಫೋಟೋ ಸಮೇತ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಇ-ಪೇಪರ್ ಬರೀ ಚಿತ್ರ, ಅದರೊಳಗಿನ ಅಕ್ಷರ ಹುಡುಕಿದರೆ ಬರುವುದಿಲ್ಲ, ಹಳೆಯ ಸಂಚಿಕೆಗಳು ಉಳಿದಿರುವುದೂ ಇಲ್ಲ. ನಾವು ನುಡಿಯಲ್ಲಿ ಟೈಪ್ ಮಾಡಿ ಕಳಿಸಿದ ಮೂಲ ಫೈಲ್ ಇದ್ದರೂ ಯೂನಿಕೋಡ್‌ಗೆ ಬದಲಿಸದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ಅವರು ಮನೆಗೆ ಫೋನ್ ಮಾಡಿದರು. ಅಟ್ಟದ ಮೇಲಿನ ಫೈಲಿನಿಂದ ಅವರ ಹೆಂಡತಿ ಕಟಿಂಗ್ ಹುಡುಕಿ, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುವಷ್ಟರಲ್ಲಿ ಸಂಜೆಯ ಚಹಾ ಬಂದಿತ್ತು. ತಾರೀಖು ಇತ್ತು, ಪುಟದ ಸಂಖ್ಯೆಯೂ ಇತ್ತು. ಇಂಟರ್‌ನೆಟ್‌ನಲ್ಲಿ ಇಲ್ಲದ ಪತ್ರಿಕೆಯೂ ಆಧಾರವಾಗುತ್ತದೆ ಎಂದು ನಮಗೆ ತಿಳಿದದ್ದು ಅವತ್ತೇ. ತನ್ನ ಸುದ್ದಿಯನ್ನು ತಾನೇ ಸೇರಿಸುವುದು ಚೆಂದವಲ್ಲ ಎಂದು ಗೆಳೆಯ ಹಿಂದೆ ಸರಿದ. ಮಂಗಳೂರು ಕಡೆಯ ಮೇಷ್ಟ್ರೊಬ್ಬರು ಸೇರಿಸಿಕೊಟ್ಟರು. ಒಂದೇ ಸುದ್ದಿಯ ಮೇಲೆ ಆ ಹಿರಿಯರಿಗೆ ಪ್ರತ್ಯೇಕ ಪುಟ ನಿಲ್ಲುವುದಿಲ್ಲ ಎಂದರು, ಆದ್ದರಿಂದ ಊರಿನ ಪುಟದಲ್ಲೇ ಮೂರು ಸಾಲು. ಮೇಡಂ ಅದನ್ನು ಫೋನಿನಲ್ಲಿ ತೆರೆದು ಅಪ್ಪನಿಗೆ ಓದಿ ಹೇಳಿದರು.

ಆ ಸುದ್ದಿಗೆ ಗೆಳೆಯನಿಗೆ ಅವತ್ತು ಸಿಕ್ಕಿದ್ದು ಪೆಟ್ರೋಲಿಗೂ ಸಾಲದಷ್ಟು ದುಡ್ಡು. ಡೆಸ್ಕಿನವರು "ಇಂಥದ್ದೆಲ್ಲ ಯಾರು ಓದ್ತಾರೆ" ಎಂದಿದ್ದರಂತೆ. ಎರಡನೇ ದಿನ ವೇದಿಕೆಯ ಮೇಲೆ ಒಬ್ಬರು, ಜ್ಞಾನವನ್ನು ಹಂಚಲು ದುಡ್ಡು ಬೇಡ, ಮನಸ್ಸು ಸಾಕು ಎಂದು ಭಾಷಣ ಮಾಡಿದರು. ನಾವು ಹಿಂದಿನ ಸಾಲಿನಲ್ಲಿ ಊಟದ ತಟ್ಟೆ ಎಣಿಸುತ್ತಾ ಕೇಳಿದೆವು. ಮನಸ್ಸು ಬೇಕು, ಸರಿ. ಆದರೆ ಆ ಮೂರು ಸಾಲಿನ ಹಿಂದೆ ಇದ್ದದ್ದು ಬೈಕು, ನಲವತ್ತು ಕಿಲೋಮೀಟರ್ ಮಣ್ಣಿನ ರಸ್ತೆ, ಒಂದು ದಿನದ ಕೂಲಿ. ಪುಕ್ಕಟೆ ಜ್ಞಾನಕ್ಕೂ ಎಲ್ಲೋ ಒಬ್ಬ ಖರ್ಚು ಹಾಕಿರುತ್ತಾನೆ. ಚರ್ಚೆಯ ಹೊತ್ತಿನಲ್ಲಿ ಇದನ್ನೇ ಎದ್ದು ನಿಂತು ಹೇಳಿದೆವು. ಚಪ್ಪಾಳೆ ಬರಲಿಲ್ಲ, ಆದರೆ ಇಬ್ಬರು ಆಮೇಲೆ ಬಂದು ಮಾತಾಡಿಸಿದರು. ಮುಂದಿನ ಸಲದ ಖರ್ಚಿನ ಪಟ್ಟಿಯಲ್ಲಿ ಹಳೇ ಕಟಿಂಗ್‌ಗಳನ್ನು ಸ್ಕ್ಯಾನ್ ಮಾಡುವವರಿಗೆ ದಿನಗೂಲಿ ಸೇರಿಸೋಣ ಎಂದಿದ್ದಾರೆ.

ಅಲ್ಲಿಯವರೆಗೆ ನಾವು ಭಾನುವಾರಗಳಲ್ಲಿ ಕೂತು ನಮ್ಮ ನಮ್ಮ ಫೈಲುಗಳಲ್ಲಿರುವ ಸುದ್ದಿಗಳ ತಾರೀಖು, ಪತ್ರಿಕೆ, ಪುಟ ಬರೆದಿಡುತ್ತಿದ್ದೇವೆ. ಹರಪನಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಜಿಲ್ಲೆಯ ಹೆಸರು ತಿದ್ದುವುದು ಮುಗಿದಿದೆ. ಕೂಡ್ಲಿಗಿ ಅರ್ಧ ಆಗಿದೆ, ಕೊಟ್ಟೂರು ಪೂರ್ತಿ ಬಾಕಿ. ಆ ಕಡೆಯವರ ಮನೆಯಲ್ಲಿ ಊರಿನ ಬಗ್ಗೆ ಬಂದ ಹಳೇ ಪೇಪರ್ ತುಂಡು ಇದ್ದರೆ ರದ್ದಿಗೆ ಹಾಕುವ ಮೊದಲು ಒಂದು ಫೋಟೋ ತೆಗೆದಿಡಿ. ಮೇಲಿನ ಅಂಚಿನಲ್ಲಿರುವ ತಾರೀಖೂ ಫೋಟೋದಲ್ಲಿ ಬರಲಿ.